ಅಪ್ಪನಿಗೆ ಬರೆದ ಕಾಗದಗಳು: ಲೊವೆಲ್ ಮಿಲ್ಲಿನ ಹುಡುಗಿ ಮೇರಿ ಪಾಲ್

ಮೊದಲು ಒಂದು ಕಾಗದದ ನಾಲ್ಕು ಸಾಲು ಓದಿಬಿಡುತ್ತೇನೆ. ಯಾರು ಬರೆದದ್ದು, ಎಲ್ಲಿಂದ ಬರೆದದ್ದು ಅಂತ ಆಮೇಲೆ ಹೇಳುತ್ತೇನೆ.

"ಸಾಧ್ಯವಾದರೆ ನಾನು ಲೊವೆಲ್‌ಗೆ ಹೋಗುವುದಕ್ಕೆ ನೀವು ಒಪ್ಪಬೇಕು. ಇಲ್ಲೇ ಸುತ್ತಮುತ್ತ ಇರುವುದಕ್ಕಿಂತ ಅದು ನನಗೆ ಎಷ್ಟೋ ವಾಸಿ ಅನ್ನಿಸುತ್ತದೆ. ಶುರುವಿಗೇ ಇಲ್ಲಿ ಎಲ್ಲೂ ಸಿಗದಷ್ಟು ಅಲ್ಲಿ ಸಂಪಾದಿಸಬಹುದು. ನನಗೆ ಬಟ್ಟೆ ಬೇಕಾಗಿದೆ. ಇಲ್ಲಿದ್ದರೆ ಅದು ಆಗುವುದಿಲ್ಲ."

ಇದರ ತಾರೀಕು 1845ರ ಸೆಪ್ಟೆಂಬರ್ 13. ಬರೆದವಳ ಹೆಸರು ಮೇರಿ ಪಾಲ್. ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದ ಹುಡುಗಿ, ಆಗ ಅವಳಿಗೆ 15 ವರ್ಷ. ಹೊಲ, ದನ, ಹಿಮ ಇದರ ನಡುವೆ ಬೆಳೆದವಳು. ಸ್ವಲ್ಪ ದಿನ ಬೇರೆಯವರ ಮನೆಯಲ್ಲಿ ಕೆಲಸಕ್ಕಿದ್ದಳು, ಆಮೇಲೆ ವುಡ್‌ಸ್ಟಾಕ್ ಅನ್ನುವ ಊರಿನಲ್ಲಿ ನೆಂಟರ ಜೊತೆ ಇದ್ದಳು. ಅಲ್ಲಿಂದ ಅಪ್ಪ ಬೇಲಾ ಪಾಲ್‌ಗೆ ಬರೆದ ಕಾಗದ ಇದು. ಇಲ್ಲಿಂದ ಶುರುವಾಗಿ 1862ರವರೆಗೆ ಅವಳು ಅಪ್ಪನಿಗೆ ಬರೆದ ಕಾಗದಗಳು ಇವತ್ತು ವರ್ಮಾಂಟ್ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ.

ಆ ನಾಲ್ಕು ಸಾಲಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು "ಒಪ್ಪಬೇಕು" ಅನ್ನುವ ಮಾತು. ಹುಡುಗಿ ಕಾರಣ ಕೊಡುತ್ತಾಳೆ. ಒಂದಲ್ಲ, ಎರಡು ಮೂರು ಕಾರಣ. ನಂಬಿಕಸ್ತ ಹುಡುಗಿಯೊಬ್ಬಳ ಜೊತೆ ಹೋದರೆ ಎಲ್ಲ ಸರಿಹೋಗುತ್ತದೆ ಅಂತ ಮನೆಯವರೆಲ್ಲ ಹೇಳುತ್ತಿದ್ದಾರೆ, ಪರಿಚಯದ ಹುಡುಗಿ ಇನ್ನು ನಾಲ್ಕೈದು ವಾರದಲ್ಲಿ ಹೊರಡುತ್ತಾಳೆ, ನೀವು ಯೋಚಿಸಿ ಒಂದು ತೀರ್ಮಾನಕ್ಕೆ ಬನ್ನಿ ಅಂತೆಲ್ಲ ಬರೆಯುತ್ತಾಳೆ. ಮಗಳು ಅಪ್ಪನನ್ನು ಒಪ್ಪಿಸುವುದು ಹೀಗೇ ಅಲ್ವಾ? ಮನೆಯ ಹಿರಿಯ ಹೆಂಗಸರನ್ನು ತನ್ನ ಕಡೆ ಮಾಡಿಕೊಂಡು, ದಾರಿಗೆ ಜೊತೆ ಇದೆ ಅಂತ ತೋರಿಸಿ, ಆಮೇಲೆ ಕೇಳುವುದು. ನನಗಂತೂ ಇದನ್ನು ಓದುವಾಗ ಅಮೆರಿಕ ದೂರ ಅನ್ನಿಸಲೇ ಇಲ್ಲ.

ಕಾಗದದ ಬಗ್ಗೆಯೇ ಒಂದು ಮಾತು ಹೇಳಬೇಕು. ಆ ಕಾಲದ ಅಮೆರಿಕದಲ್ಲಿ ಅಂಚೆ ತುಂಬಾ ದುಬಾರಿ. ಎಷ್ಟು ಹಾಳೆ, ಎಷ್ಟು ಮೈಲಿ ಅಂತ ಲೆಕ್ಕ ಹಾಕುತ್ತಿದ್ದರು. 80 ಮೈಲಿ ದಾಟಿದರೆ ಒಂದು ಹಾಳೆಗೆ ಹನ್ನೆರಡೂವರೆ ಸೆಂಟು, 150 ದಾಟಿದರೆ ಹತ್ತೊಂಬತ್ತರ ಹತ್ತಿರ. ಲಕೋಟೆ ಹಾಕಿದರೆ ಅದನ್ನೂ ಒಂದು ಹಾಳೆ ಅಂತ ಎಣಿಸುತ್ತಿದ್ದರು. ಹಾಗಾಗಿ ಬರೆದ ಹಾಳೆಯನ್ನೇ ಮಡಚಿ, ಅರಗು ಹಾಕಿ, ಹೊರಗಡೆ ವಿಳಾಸ ಬರೆಯುವುದು. ನಮ್ಮ ಇನ್‌ಲ್ಯಾಂಡ್ ಲೆಟರ್ ನೆನಪು ಮಾಡಿಕೊಳ್ಳಿ. ಮತ್ತೆ, ಆ ದುಡ್ಡನ್ನು ಹೆಚ್ಚಾಗಿ ಕೊಡುತ್ತಿದ್ದುದು ಕಾಗದ ಬಂದ ಮನೆಯವರು. 1845ರ ಜುಲೈ 1ರಿಂದ ಈ ದರ ಬದಲಾಯಿತು. 300 ಮೈಲಿ ಒಳಗೆ ಅರ್ಧ ಔನ್ಸಿಗೆ ಬರೀ 5 ಸೆಂಟು. ಮೇರಿ ಆ ಮೊದಲ ಕಾಗದ ಬರೆದದ್ದು ಅದಾದ ಎರಡೂವರೆ ತಿಂಗಳಿಗೆ. ಮನೆ ಬಿಟ್ಟು ದುಡಿಯಲು ಹೋದ ಬಡ ಹುಡುಗಿಯೊಬ್ಬಳು ಅಪ್ಪನಿಗೆ ಮತ್ತೆ ಮತ್ತೆ ಬರೆಯಲು ಸಾಧ್ಯವಾದದ್ದರಲ್ಲಿ ಆ 5 ಸೆಂಟಿನ ಪಾಲೂ ಇದೆ.

ಅಪ್ಪ ಒಪ್ಪಿದರು. ನವೆಂಬರಿನಲ್ಲಿ ಅವಳು ಹೊರಟಳು. ಗುರುವಾರ ಬೆಳಿಗ್ಗೆ 9ಕ್ಕೆ ಗಾಡಿ ಹತ್ತಿದ್ದು, 12ಕ್ಕೆ ವಿಂಡ್ಸರ್‌ನಲ್ಲಿ ಇಳಿದದ್ದು, 3ಕ್ಕೆ ಮತ್ತೆ ಹೊರಟದ್ದು, ಎಲ್ಲ ಬರೆದಿದ್ದಾಳೆ. ಕುದುರೆ ಗಾಡಿಯ ಚಾರ್ಜು 3 ಡಾಲರ್, ವಿಂಡ್ಸರ್‌ನಲ್ಲಿ ತಂಗಿದ್ದಕ್ಕೆ 25 ಸೆಂಟು, ಒಟ್ಟು 3 ಡಾಲರ್ 25 ಸೆಂಟು. ಕೈಯಲ್ಲಿ ಉಳಿದದ್ದು ಎರಡೂವರೆ ಡಾಲರ್. ಅದರಲ್ಲಿ ಒಂದು ಬಾನೆಟ್ ಟೋಪಿ, ಇನ್ನೇನೋ ಚೂರುಪಾರು ಸಾಮಾನು ಕೊಂಡಳು. ಶನಿವಾರ ಪರಿಚಯದ ಹುಡುಗಿಯೊಬ್ಬಳು ಇವಳನ್ನು ಕರೆದುಕೊಂಡು ಕೆಲಸ ಕೇಳುತ್ತಾ ಸುತ್ತಿದಳು. ಸಿಗಲಿಲ್ಲ. ಸೋಮವಾರ ಮತ್ತೆ ಹೊರಟರು. ಲಾರೆನ್ಸ್ ಕಂಪನಿಯ ಎರಡನೇ ನಂಬರ್ ಮಿಲ್ಲಿನಲ್ಲಿ, ನೂಲು ತೆಗೆಯುವ ವಿಭಾಗದಲ್ಲಿ ಜಾಗ ಸಿಕ್ಕಿತು. ಮರುದಿನ ಬೆಳಿಗ್ಗೆಯಿಂದಲೇ ಕೆಲಸ.

ಲೊವೆಲ್ ಅಂದರೆ ಏನು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮೆರಿಮ್ಯಾಕ್ ನದಿ ಪಾಟಕೆಟ್ ಅನ್ನುವ ಕಡೆ ಸುಮಾರು 30 ಅಡಿ ಧುಮುಕುತ್ತದೆ. ಆ ನೀರನ್ನು ಕಾಲುವೆಗೆ ತಿರುಗಿಸಿ, ಅದರ ಬಲದಿಂದ ಚಕ್ರ ತಿರುಗಿಸಿ, 1820ರ ದಶಕದಲ್ಲಿ ಬಾಸ್ಟನ್ನಿನ ವ್ಯಾಪಾರಿಗಳು ಸಾಲಾಗಿ ಹತ್ತಿ ಮಿಲ್ಲು ಕಟ್ಟಿದರು. 1826ರಲ್ಲಿ ಅಲ್ಲಿ ಇದ್ದವರು ಎರಡೂವರೆ ಸಾವಿರ ಜನ. 1850ರ ಹೊತ್ತಿಗೆ 33,000. ಕೆಲಸಕ್ಕೆ ಸೇರಿಸಿಕೊಂಡದ್ದು ಜಾಸ್ತಿ ಹಳ್ಳಿಯ ರೈತರ ಮನೆಯ ಹೆಣ್ಣುಮಕ್ಕಳನ್ನು. ಅವರ ಅಪ್ಪ ಅಮ್ಮಂದಿರಿಗೆ ಧೈರ್ಯ ಬರಬೇಕಲ್ಲ? ಅದಕ್ಕೆ ಕಂಪನಿಯವರೇ ಬೋರ್ಡಿಂಗ್ ಹೌಸ್ ಕಟ್ಟಿಸಿದರು. ನೋಡಿಕೊಳ್ಳಲು ಹೆಚ್ಚಾಗಿ ವಿಧವೆಯರನ್ನು ಇಟ್ಟರು. ರಾತ್ರಿ 10ಕ್ಕೆ ಬಾಗಿಲು ಬಂದ್. ಊಟ ವಸತಿಯ ದುಡ್ಡು ಸಂಬಳದಲ್ಲೇ ಮುರಿದುಕೊಳ್ಳುತ್ತಿದ್ದರು.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಕಾಗದಕ್ಕೆ ಬರುತ್ತೇನೆ. 1845ರ ಡಿಸೆಂಬರ್ 21. ಕೆಲಸಕ್ಕೆ ಸೇರಿ ಒಂದು ತಿಂಗಳಾಗಿದೆ.

ನಮ್ಮ ಹಳೆಯ ಕಾಗದಗಳು ಹೇಗೆ ಶುರುವಾಗುತ್ತಿದ್ದವು ಅಂತ ಇಲ್ಲಿರುವ ಹಿರಿಯರಿಗೆ ಗೊತ್ತು. ತೀರ್ಥರೂಪು ಅಪ್ಪನವರಿಗೆ ಮಾಡುವ ನಮಸ್ಕಾರಗಳು, ಇಲ್ಲಿ ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಿ. ಮೇರಿಯ ಕಾಗದದಲ್ಲೂ ಆ ಕ್ಷೇಮ ಸಮಾಚಾರ ಇದೆ. "ನಾನು ಆರೋಗ್ಯವಾಗಿದ್ದೇನೆ, ಅದೊಂದು ಸಮಾಧಾನ" ಅನ್ನುತ್ತಾಳೆ. ಮುಂದಿನ ಸಾಲು ಕೇಳಿ. "ಹೋದ ಗುರುವಾರ ಒಬ್ಬ ಹುಡುಗಿ ಬಿದ್ದು ಕತ್ತು ಮುರಿದುಕೊಂಡು ಅಲ್ಲೇ ಸತ್ತಳು." ಮಿಲ್ಲಿಗೆ ಒಳಗೆ ಹೋಗುವಾಗಲೋ ಹೊರಗೆ ಬರುವಾಗಲೋ ಹಿಮಗಟ್ಟಿದ ನೆಲದ ಮೇಲೆ ಕಾಲು ಜಾರಿದ್ದು. ಅದೇ ದಿನ ರೈಲಿಗೆ ಸಿಕ್ಕಿ ಒಬ್ಬ ಸತ್ತ. ಇನ್ನೊಬ್ಬನ ಪಕ್ಕೆಲುಬುಗಳು ಹೆಚ್ಚುಕಡಿಮೆ ಎಲ್ಲ ಮುರಿದವು. ಮತ್ತೊಬ್ಬ ಬಿದ್ದು, ಮೈಮೇಲೆ ಹತ್ತಿಯ ಬೇಲು, ಅಂದರೆ ಒತ್ತಿ ಕಟ್ಟಿದ ದೊಡ್ಡ ಮೂಟೆ, ಉರುಳಿ, ಸಾಯುವುದೊಂದು ಬಾಕಿ.

ಇಷ್ಟು ಬರೆದು ತಕ್ಷಣ, "ಹೋದ ಮಂಗಳವಾರ ಸಂಬಳ ಆಯಿತು." 6 ಡಾಲರ್ 60 ಸೆಂಟು ಬಂತು. ಊಟ ವಸತಿಗೆ 4 ಡಾಲರ್ 68 ಸೆಂಟು ಹೋಯಿತು. ಉಳಿದದ್ದರಲ್ಲಿ ಶೂ ಮೇಲೆ ಹಾಕಿಕೊಳ್ಳುವ ಒಂದು ಜೊತೆ ರಬ್ಬರ್, ಮತ್ತೆ 50 ಸೆಂಟಿನ ಒಂದು ಜೊತೆ ಶೂ.

ಈ ಎರಡು ಸುದ್ದಿ ಅಕ್ಕಪಕ್ಕ ಇರುವುದನ್ನು ನೋಡಿ ಕೆಲವರು ಹೇಳುತ್ತಾರೆ, ಸಾವು ನೋಡಿ ನೋಡಿ ಹುಡುಗಿಯ ಮನಸ್ಸು ಮರಗಟ್ಟಿ ಹೋಗಿತ್ತು ಅಂತ. ನಾನು ಒಪ್ಪುವುದಿಲ್ಲ. ಏನು ಕೊಂಡಳು ನೋಡಿ. ರಬ್ಬರ್, ಶೂ. ಯಾಕೆ ಕೊಂಡಳು? ನೆಲ ಜಾರುತ್ತದೆ. ಗುರುವಾರ ಒಬ್ಬ ಹುಡುಗಿ ಅದೇ ನೆಲದ ಮೇಲೆ ಜಾರಿ ಸತ್ತಿದ್ದಾಳೆ. ಸಂಬಳ ಆದದ್ದು ಆ ಗುರುವಾರಕ್ಕೆ ಎರಡು ದಿನ ಮುಂಚೆ, ಆದ್ದರಿಂದ ಆ ಸಾವನ್ನು ನೋಡಿಯೇ ರಬ್ಬರ್ ಕೊಂಡಳು ಅಂತ ನಾನು ಹೇಳುತ್ತಿಲ್ಲ. ಆದರೆ ಕಾಗದ ಓದುವ ಅಪ್ಪನ ಜಾಗದಲ್ಲಿ ಕೂತು ನೋಡಿ. ಹುಡುಗಿ ಸತ್ತ ಸುದ್ದಿ ಓದಿ ಎದೆ ಧಸಕ್ಕೆಂದಿರುತ್ತದೆ. ಎರಡು ಸಾಲು ಕೆಳಗೆ ಮಗಳ ಕಾಲಿಗೆ ರಬ್ಬರ್ ಬಂದಿದೆ ಅಂತ ಗೊತ್ತಾಗುತ್ತದೆ. 15 ವರ್ಷದ ಹುಡುಗಿಗೆ ಇಷ್ಟು ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಈ ಕಾಗದಗಳನ್ನು ಓದುವಾಗ ದುಡ್ಡಿನ ಸಾಲುಗಳನ್ನು ಹಾರಿಸಿ ಓದಬೇಡಿ ಅಂತ ನಾನು ಕೇಳಿಕೊಳ್ಳುವುದು ಇದಕ್ಕೇ. ಇವಳು ಅಪ್ಪನ ಹತ್ತಿರ ಮನಸ್ಸು ಬಿಚ್ಚುವುದು ಲೆಕ್ಕದಲ್ಲಿ.

ಅದೇ ಕಾಗದದಲ್ಲಿ ಮಿಲ್ಲಿನ ಗಂಟೆಯ ವಿವರ ಇದೆ. ಏಳು ಗಂಟೆಗೆ ಮಿಲ್ಲಿನ ಒಳಗೆ. ಹನ್ನೆರಡೂವರೆಗೆ ಊಟ. ಒಂದಕ್ಕೆ ಮತ್ತೆ ಒಳಗೆ, ರಾತ್ರಿ ಏಳೂವರೆವರೆಗೆ. ಕೂಡಿಸಿ ನೋಡಿ, 12 ಗಂಟೆ ಕೆಲಸ. ಇದು ಚಳಿಗಾಲದ್ದು. ಮುಂದಿನ ಏಪ್ರಿಲ್ ಕಾಗದದಲ್ಲಿ ಬೆಳಕು ಬೇಗ ಬರುತ್ತದೆ, ಗಂಟೆಯೂ ಬೇಗ ಹೊಡೆಯುತ್ತದೆ. ನಾಲ್ಕೂವರೆಗೆ ಏಳುವುದು, ಐದಕ್ಕೆ ಒಳಗೆ, ಏಳಕ್ಕೆ ತಿಂಡಿಗೆ ಅರ್ಧ ಗಂಟೆ, ಹನ್ನೆರಡೂವರೆಗೆ ಊಟಕ್ಕೆ ಅರ್ಧ ಗಂಟೆ, ಸಂಜೆ ಏಳಕ್ಕೆ ಬಿಡುಗಡೆ. ಅದು 13 ಗಂಟೆ. ಆ ಅರ್ಧ ಗಂಟೆಯಲ್ಲೇ ಮೆಟ್ಟಿಲಿಳಿದು, ಬೋರ್ಡಿಂಗ್ ಹೌಸಿಗೆ ಹೋಗಿ, ತಿಂದು, ವಾಪಸ್ ಬರಬೇಕು.

ಇದನ್ನು ಅವಳು ದೂರಾಗಿ ಬರೆದಿಲ್ಲ. ಹೆಮ್ಮೆಯಿಂದ ಬರೆದಿದ್ದಾಳೆ. ನೂಲು ತುಂಬಿದ ಬಾಬಿನ್ ತೆಗೆದು ಖಾಲಿ ಬಾಬಿನ್ ಹಾಕುವ ಕೆಲಸ ಅವಳದು. ನಮ್ಮ ಮಿಲ್ಲುಗಳಲ್ಲೂ ಇದಕ್ಕೆ ಡಾಫಿಂಗ್ ಅಂತಲೇ ಅನ್ನುತ್ತಿದ್ದರು. ನಮ್ಮ ವಿಭಾಗದ ಯಾವ ಹುಡುಗಿಗೂ ನಾನು ಕಮ್ಮಿ ಇಲ್ಲ ಅನ್ನುತ್ತಾಳೆ. ಸಾಮಾನ್ಯವಾಗಿ ಕೆಲಸ ಕಲಿಯಲು ಆರು ತಿಂಗಳು, ನನಗೆ ಮೂರೇ ತಿಂಗಳಲ್ಲಿ ಫ್ರೇಮ್, ಅಂದರೆ ನೂಲು ತೆಗೆಯುವ ಯಂತ್ರ, ಕೊಡುತ್ತಾರೆ ಅನ್ನುತ್ತಾಳೆ. ಕೆಲಸ ಬೇಕಾದ ಹುಡುಗಿಯರಿಗೆಲ್ಲ ಲೊವೆಲ್‌ಗೆ ಬನ್ನಿ ಅಂತ ಹೇಳುತ್ತೇನೆ ಅನ್ನುತ್ತಾಳೆ.

ಅದೇ 1845ರಲ್ಲಿ ಅದೇ ಊರಿನಲ್ಲಿ ಸಾರಾ ಬ್ಯಾಗ್ಲಿ ಅನ್ನುವ ಮಿಲ್ಲು ಕೆಲಸಗಾರ್ತಿ ಹೆಂಗಸರನ್ನು ಕೂಡಿಸಿ, ದಿನಕ್ಕೆ 10 ಗಂಟೆ ಕೆಲಸ ಸಾಕು ಅಂತ ಹೋರಾಟಕ್ಕೆ ಇಳಿದಿದ್ದರು. ರಾಜ್ಯದ ಶಾಸನಸಭೆಯ ಸಮಿತಿ ಮುಂದೆ ಹೋಗಿ ಹೆಂಗಸರೇ ಸಾಕ್ಷಿ ಹೇಳಿದರು. ಕಾನೂನು ಮಾಡುವ ಅಗತ್ಯ ಇಲ್ಲ ಅಂತ ಸಮಿತಿ ಕೈತೊಳೆದುಕೊಂಡಿತು. ಹೆಂಗಸರಿಗೆ 10 ಗಂಟೆಯ ಕಾನೂನು ಆ ರಾಜ್ಯದಲ್ಲಿ ಬಂದದ್ದು 1874ರಲ್ಲಿ. ಹೊಸದಾಗಿ ಬಂದ ಮೇರಿಯ ಕಣ್ಣಿಗೆ ಆ ಚಳಿಗಾಲದಲ್ಲಿ ಕಂಡದ್ದು ಸಂಬಳ, ಫ್ರೇಮ್, ಜೊತೆಗಾರ್ತಿಯರು. 15 ವರ್ಷಕ್ಕೆ ಮೊದಲ ಸಲ ಕೈಯಲ್ಲಿ ಸ್ವಂತ ದುಡ್ಡು ಬಂದವರು ಯಾರಾದರೂ ಅವಳಿಗೆ ಅರಿವಿರಲಿಲ್ಲ ಅಂತ ಬೈಯಲಾರರು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಆ ಹತ್ತಿಯ ಬೇಲಿನ ಹಿಂದೆ ಹೋಗಬೇಕು. ಲೊವೆಲ್ ಸುತ್ತ ಹತ್ತಿ ಬೆಳೆಯುವುದಿಲ್ಲ, ಅದು ಹಿಮದ ನಾಡು. ಹತ್ತಿ ಬರುತ್ತಿದ್ದುದು ದಕ್ಷಿಣದ ರಾಜ್ಯಗಳಿಂದ, ಹಡಗಿನಲ್ಲಿ. ಅದನ್ನು ಬಿಡಿಸಿದವರು ಗುಲಾಮರು. ಮೇರಿಗಿಂತ ಚಿಕ್ಕ ಮಕ್ಕಳೂ ಆ ಹೊಲಗಳಲ್ಲಿದ್ದರು. ಅವರಿಗೆ ಕೂಲಿ ಇಲ್ಲ, ಅಪ್ಪನ ಒಪ್ಪಿಗೆ ಕೇಳುವ ಮಾತೇ ಇಲ್ಲ, ಓದು ಬರಹ ಕಲಿಸುವುದು ಎಷ್ಟೋ ಕಡೆ ಕಾನೂನಿನಲ್ಲೇ ಅಪರಾಧ. ಲೊವೆಲ್‌ನ ಕೆಲವು ಮಿಲ್ಲುಗಳು ಗುಲಾಮರಿಗೆ ಹಂಚಲೆಂದೇ ಅಗ್ಗದ ಒರಟು ಬಟ್ಟೆ ನೇಯುತ್ತಿದ್ದವು. ದಕ್ಷಿಣದಲ್ಲಿ ಆ ಬಟ್ಟೆಗೆ "ಲೊವೆಲ್" ಅಂತಲೇ ಹೆಸರು ಬಿದ್ದಿತ್ತು. ಅವರು ಬಿಡಿಸಿದ ಹತ್ತಿಯೇ ಬಟ್ಟೆಯಾಗಿ ಅವರ ಮೈಮೇಲೆ ವಾಪಸ್ ಬರುತ್ತಿತ್ತು. ಮೇರಿಯ ಕಾಗದದಲ್ಲಿ ಬೇಲು ಬಿದ್ದ ಸುದ್ದಿ ಇದೆ, ಬೇಲು ಎಲ್ಲಿಂದ ಬಂತು ಅನ್ನುವುದಿಲ್ಲ. ಹತ್ತಿ ಬಿಡಿಸಿದ ಕೈಗಳು ಕಾಗದ ಬರೆಯಲಿಲ್ಲ, ಬರೆಯಲು ಬಿಡಲಿಲ್ಲ. ಮೇರಿಯ ಕಾಗದ ಕೈಗೆ ತೆಗೆದುಕೊಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ, ಮನಸ್ಸು ಭಾರ ಆಗುತ್ತದೆ.

ನಮ್ಮ ಕಡೆಗೂ ಆ ಹತ್ತಿಯ ಒಂದು ಎಳೆ ಬಂದಿದೆ. ಇದೇ 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೇಸಾಯ ಗೊತ್ತಿದ್ದವರನ್ನು ಕರೆಸಿ, ಇಂಡಿಯಾದ ಬೇರೆ ಬೇರೆ ಕಡೆ ಅಮೆರಿಕದ ಬೀಜ ಹಾಕಿಸಿತು. ಬಹಳ ಕಡೆ ಕೈಕೊಟ್ಟಿತು. ಕೈಹಿಡಿದದ್ದು ಧಾರವಾಡ, ಹುಬ್ಬಳ್ಳಿ ಕಡೆಯ ಎರೆ ಹೊಲದಲ್ಲಿ. ನ್ಯೂ ಆರ್ಲಿಯನ್ಸ್ ಬೀಜದ ಆ ಹತ್ತಿಗೆ "ಧಾರವಾಡ ಅಮೆರಿಕನ್" ಅಂತ ಹೆಸರಾಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಲೊವೆಲ್‌ನ ಬಹುಪಾಲು ಮಿಲ್ಲು ಬಾಗಿಲು ಹಾಕಿದವು, ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು. ಇರಲಿ, ಅದು ಇನ್ನೊಂದು ದಿನದ ಮಾತು.

1846ರ ಏಪ್ರಿಲ್ ಕಾಗದಕ್ಕೆ ಬರೋಣ. ಈಗ ಮೇರಿಗೆ 16. ಹಾಸು, ಅಂದರೆ ನೇಯ್ಗೆಯ ಉದ್ದದ ಎಳೆ, ಅದಕ್ಕೆ ಬೇಕಾದ ನೂಲಿನ ನಾಲ್ಕು ಸಾಲು ಕದಿರು ನೋಡಿಕೊಳ್ಳುತ್ತಾಳೆ, ಅದು ಒಬ್ಬ ಹುಡುಗಿಯ ಪೂರ್ತಿ ಕೆಲಸ. ವಾರಕ್ಕೆ 9 ಶಿಲಿಂಗ್ ಬರುತ್ತಿದೆ. ಹಳೇ ಬ್ರಿಟಿಷ್ ಲೆಕ್ಕ ಜನರ ಬಾಯಲ್ಲಿ ಇನ್ನೂ ಉಳಿದಿತ್ತು, ಆ ಕಡೆ 6 ಶಿಲಿಂಗಿಗೆ 1 ಡಾಲರ್, ಅಂದರೆ ಇವಳಿಗೆ ಒಂದೂವರೆ ಡಾಲರ್. ನಾವು ಎಷ್ಟೋ ವರ್ಷ ನಾಲ್ಕಾಣೆ ಎಂಟಾಣೆ ಅಂತಿದ್ದೆವಲ್ಲ, ಹಾಗೆ. ನಿನ್ನಂಥ ಹುಡುಗಿ ನನಗೆ ಸಿಕ್ಕೇ ಇಲ್ಲ ಅಂತ ಓವರ್‌ಸಿಯರ್ ಹೊಗಳಿದ್ದಾನೆ. ಜೊತೆಗೆ, "ನಾನು ತುಂಬಾ ಸೊರಗುತ್ತಿದ್ದೇನೆ ಅಂತ ಇಲ್ಲಿಯವರು ಹೇಳುತ್ತಾರೆ" ಅನ್ನುವ ಮಾತೂ ಇದೆ. ಹೇಳಿ ಮುಂದಕ್ಕೆ ಹೋಗಿಬಿಡುತ್ತಾಳೆ.

ಆ ತಿಂಗಳು ಹಿನ್ನೀರಿನಿಂದ ಮಿಲ್ಲು ಆಗಾಗ ನಿಂತಿತ್ತು. ಹಿಮ ಕರಗಿ ನದಿ ತುಂಬಿದರೆ ಚಕ್ರದ ಕೆಳಗಿನಿಂದ ನೀರು ಹೊರಗೆ ಹೋಗುವುದಿಲ್ಲ, ಚಕ್ರ ತಿರುಗುವುದಿಲ್ಲ. ತಪ್ಪು ನದಿಯದು, ಸಂಬಳ ಮುರಿಯುವುದು ಹುಡುಗಿಯರದು. ಹೆಚ್ಚುಕಡಿಮೆ ಪೂರ್ತಿ ಕೊಡುತ್ತೇನೆ ಅಂತ ಮಿಲ್ಲಿನ ಏಜೆಂಟ್ ಮಾತು ಕೊಟ್ಟಿದ್ದಾನೆ. ಮೇರಿ ಬರೆಯುತ್ತಾಳೆ: "ಅವನು ಕೊಡುತ್ತಾನೆ ಅಂತ ನನಗೆ ಅನ್ನಿಸುವುದಿಲ್ಲ." ಐದು ತಿಂಗಳಲ್ಲಿ ಹುಡುಗಿ ಎಷ್ಟು ಕಲಿತಿದ್ದಾಳೆ ನೋಡಿ.

ಬ್ರಿಜ್‌ವಾಟರ್ ಅನ್ನುವ ಊರಿನ ಹೆಂಗಸೊಬ್ಬಳು, ಮೇರಿಗೆ ಕೆಲಸವೇ ಸಿಗಲಿಲ್ಲವಂತೆ, ಅವಳು ಅಷ್ಟು ಕೆಟ್ಟವಳು, ಯಾರೂ ಇಟ್ಟುಕೊಳ್ಳಲ್ಲ ಅಂತ ಖುಷಿಪಟ್ಟು ಹೇಳಿಕೊಂಡು ತಿರುಗುತ್ತಿದ್ದಳಂತೆ. ಆ ಮಾತು ಕಾಗದದಲ್ಲಿ ಲೊವೆಲ್‌ವರೆಗೆ ಬಂದಿದೆ. ಮೇರಿ ಅದನ್ನೂ ಅಪ್ಪನಿಗೆ ಬರೆದಿದ್ದಾಳೆ. ಉತ್ತರ ಕೊಡುವ ಗೋಜಿಗೆ ಹೋಗಿಲ್ಲ, ನಾಲ್ಕು ಸಾಲು ಕದಿರು ಅಂತ ಮೇಲೇ ಬರೆದಾಗಿದೆ.

ಈಗ 1848ರ ನವೆಂಬರ್. ಆರು ತಿಂಗಳು ಕೆಲಸದಿಂದ ದೂರ ಇದ್ದು ಮತ್ತೆ ಲೊವೆಲ್‌ಗೆ ಬಂದಿದ್ದಾಳೆ. ಹಳೆಯ ಜಾಗ ಸಿಗಲಿಲ್ಲ. ಇನ್ನೊಂದು ಕಡೆ ಕೇಳಿದಳು, ಅಲ್ಲೂ ಇಲ್ಲ. ವಾಪಸ್ ಹೋಗಿಬಿಡೋಣ ಅಂದುಕೊಂಡು, ಕೊನೆಗೊಮ್ಮೆ ಹಳೆಯ ಓವರ್‌ಸಿಯರನ್ನು ಕೇಳಿದಳು. ಹಾಸು ಹೂಡುವ ಕೆಲಸ ಸಿಕ್ಕಿತು. "ಜೀವಮಾನದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿಲ್ಲ" ಅನ್ನುತ್ತಾಳೆ. ವಾರಕ್ಕೆ 2 ಡಾಲರ್ ಸಿಗಬಹುದು, ಆದರೆ ಅದು ಮೈಮುರಿದು ಸಂಪಾದಿಸಿದ್ದಾಗಿರುತ್ತದೆ ಅನ್ನುತ್ತಾಳೆ. ಮೊದಲ ವರ್ಷದ ಹುರುಪು ಇಲ್ಲಿ ಇಲ್ಲ.

ಅದೇ ತಿಂಗಳು 20ಕ್ಕೆ ಸಂಬಳ ಕಡಿತ ಅಂತ ಸುದ್ದಿ. ದಿನಾ ಭಾರಿ ನಷ್ಟ ಆಗುತ್ತಿದೆ ಅಂತ ಕಂಪನಿಯವರ ವಾದ. 18 ವರ್ಷದ ಮೇರಿ ಅದನ್ನು ಅಪ್ಪನ ಮುಂದೆ ಹೀಗೆ ಇಡುತ್ತಾಳೆ: ಇದು ನನಗೆ ಪೂರ್ತಿ ಅಸಂಬದ್ಧ ಅನ್ನಿಸುತ್ತದೆ, ಯಾಕೆಂದರೆ ಇವರು ಬಿಡದೆ ರಿಪೇರಿ ಮಾಡಿಸುತ್ತಲೇ ಇದ್ದಾರೆ, ಮಿಲ್ಲು ನಿಲ್ಲಿಸುವ ಪರಿಸ್ಥಿತಿ ನಿಜವಾಗಿ ಇದ್ದಿದ್ದರೆ ಅದು ನಡೆಯುತ್ತಿರಲಿಲ್ಲ.

ಇದು ನನಗೆ ತುಂಬಾ ಇಷ್ಟದ ಜಾಗ. ಕಂಪನಿಯ ಲೆಕ್ಕದ ಪುಸ್ತಕ ಅವಳ ಕೈಗೆ ಯಾವತ್ತೂ ಸಿಗುವುದಿಲ್ಲ. ಆದರೆ ಬಡಗಿ ಬಂದದ್ದು, ಹೊಸ ಹಲಗೆ ಬಂದದ್ದು ಕೆಲಸಕ್ಕೆ ಬರುವವರ ಕಣ್ಣಿಗೆ ಕಾಣುತ್ತದಲ್ಲ? ಮುಳುಗುವ ಮನೆಗೆ ಯಾರು ಸುಣ್ಣ ಹೊಡೆಸುತ್ತಾರೆ? ಮೂರು ವರ್ಷ 50 ಸೆಂಟು, 68 ಸೆಂಟು ಅಂತ ತನ್ನ ಲೆಕ್ಕ ಬರೆದು ಬರೆದು, ಈಗ ಮಾಲೀಕರ ಲೆಕ್ಕವನ್ನೂ ತಾನೇ ಹಾಕಿ ನೋಡುತ್ತಿದ್ದಾಳೆ.

1849ರ ಜುಲೈ ಕಾಗದ ಓದುವಾಗ ಮಾತ್ರ ಗಂಟಲು ಕಟ್ಟುತ್ತದೆ. ಮುಂದೆ ಯಾವಾಗಲಾದರೂ ನಿಮಗೆ ಏನಾದರೂ ಮಾಡಬೇಕು ಅಂತ ಆಸೆ ಇದೆ, ಇಷ್ಟು ದಿನ ಏನೂ ಮಾಡಲಿಲ್ಲವಲ್ಲ ಅಂತ ಒಮ್ಮೊಮ್ಮೆ ನಾಚಿಕೆ ಆಗುತ್ತದೆ ಅಂತ ಅಪ್ಪನಿಗೆ ಬರೆಯುತ್ತಾಳೆ. ನಾನು ಚುರುಕಿನವಳಲ್ಲ, ದುಡ್ಡು ಕೂಡಿಡುವ ಗುಣ ನನಗೆ ಬಂದಿಲ್ಲ ಅನ್ನುತ್ತಾಳೆ. ಓವರ್‌ಸಿಯರಿಂದ ಶಭಾಷ್ ಅನ್ನಿಸಿಕೊಂಡ ಹುಡುಗಿ ಇವಳು. 13 ಗಂಟೆ ದುಡಿದವಳು. ಕೂಡಿಡಲು ಆಗದಿದ್ದದ್ದು ಗುಣದ ದೋಷ ಅಲ್ಲ, 6.60ರಲ್ಲಿ 4.68 ಮುರಿದರೆ ಉಳಿಯುವುದೇ ಅಷ್ಟು ಅಂತ ಅವಳಿಗೆ ಹೇಳಬೇಕು ಅನ್ನಿಸುತ್ತದೆ. ಊರಿಂದ ದುಡಿಯಲು ಹೋದ ಎಷ್ಟು ಮಕ್ಕಳು ಇದೇ ನಾಚಿಕೆ ಹೊತ್ತುಕೊಂಡು ಓಡಾಡಿಲ್ಲ!

ಆಮೇಲಿನ ವರ್ಷಗಳನ್ನು ಬೇಗ ಹೇಳುತ್ತೇನೆ. ಮಿಲ್ಲು ಬಿಟ್ಟು ಅಪ್ಪನ ಹತ್ತಿರ ಇದ್ದಳು. ವರ್ಮಾಂಟಿನ ಬ್ರ್ಯಾಟಲ್‌ಬರೋ ಅನ್ನುವ ಊರಿನಲ್ಲಿ ಕೋಟು ಹೊಲಿದಳು. 1853ರ ನವೆಂಬರಿನಲ್ಲಿ ಅಪ್ಪನಿಗೆ ಒಂದು ಹೊಸ ವಿಚಾರ ಬರೆದಳು. ನ್ಯೂಜೆರ್ಸಿಯಲ್ಲಿ "ನಾರ್ತ್ ಅಮೆರಿಕನ್ ಫ್ಯಾಲಾಂಕ್ಸ್" ಅಂತ ಸುಮಾರು 125 ಜನ ಒಟ್ಟಿಗೆ ದುಡಿದು ಒಟ್ಟಿಗೆ ಉಣ್ಣುವ ಒಂದು ಕೂಡುಬಾಳಿನ ಊರು. ಗಂಟೆಗೆ 9 ಸೆಂಟು, ದಿನಕ್ಕೆ 10 ಗಂಟೆ. ಮನೆಗೆಲಸ ಮಾಡಿದರೂ ಅಲ್ಲಿ ಮರ್ಯಾದೆ ಕಮ್ಮಿ ಆಗುವುದಿಲ್ಲ, ಮನೆಗೆಲಸ ಕೀಳು ಅನ್ನುವುದೇ ಜನರ ದಡ್ಡತನ ಅಂತ ಸೇರಿಸುತ್ತಾಳೆ. ಈ ಕಾಗದದ ಶುರು ಗಮನಿಸಿ. "ನನ್ನದೊಂದು ಯೋಜನೆ ಇದೆ, ನಿಮ್ಮ ಮುಂದೆ ಇಡುತ್ತೇನೆ, ಏನನ್ನುತ್ತೀರಿ ನೋಡಿ." ಎಂಟು ವರ್ಷದ ಹಿಂದೆ "ನೀವು ಒಪ್ಪಬೇಕು" ಅಂದಿದ್ದಳು. ಅಪ್ಪನ ಮೇಲಿನ ಪ್ರೀತಿ ಅಷ್ಟೇ ಇದೆ. ಯೋಜನೆ ಈಗ ಅವಳದು.

ಅಲ್ಲಿ ಹೋಗಿ 1854ರಲ್ಲಿ ಬರೆಯುತ್ತಾಳೆ: ಒಂದೇ ಕೆಲಸಕ್ಕೆ ಗಂಡಸರಿಗೆ ಹೆಂಗಸರ ಎರಡರಷ್ಟಕ್ಕಿಂತ ಜಾಸ್ತಿ ಸಿಗುವುದು ನಿಮಗೆ ಗೊತ್ತೇ ಇದೆ, ಇಲ್ಲಿ ಆ ಭೇದ ಇಲ್ಲ. ಅದೇ ಸೆಪ್ಟೆಂಬರಿನಲ್ಲಿ ಅಲ್ಲಿಯ ಗಿರಣಿ, ಕಾರ್ಖಾನೆ ಕಟ್ಟಡಗಳಿಗೆ ಬೆಂಕಿ ಬಿದ್ದು ಆ ಊರು ಮತ್ತೆ ಏಳಲಿಲ್ಲ. ಮೇರಿ ಅಲ್ಲಿಂದ ಹೊರಟಳು, ಸ್ವಲ್ಪ ಕಾಲ ಒಂದು ಮನೆ ನೋಡಿಕೊಳ್ಳುವ ಕೆಲಸ ಮಾಡಿದಳು, 1857ರಲ್ಲಿ ಐಸಾಕ್ ಗಿಲ್ಡ್ ಎಂಬುವವರನ್ನು ಮದುವೆಯಾಗಿ ಲಿನ್ ಅನ್ನುವ ಊರಿನಲ್ಲಿ ನೆಲೆಸಿದಳು. ಅಲ್ಲಿಂದಲೂ ಅಪ್ಪನಿಗೆ ಕಾಗದ ಹೋಗುತ್ತಲೇ ಇತ್ತು.

ನಮ್ಮ ಹಳೆಯ ಮನೆಗಳಲ್ಲಿ ಗೋಡೆಗೆ ಒಂದು ತಂತಿ ನೇತುಹಾಕಿ, ಓದಿದ ಕಾಗದವನ್ನೆಲ್ಲ ಅದಕ್ಕೆ ಚುಚ್ಚಿಡುತ್ತಿದ್ದರು. ಬೇಲಾ ಪಾಲ್ ಎಲ್ಲಿ ಇಟ್ಟರೋ, ಮಗಳ ಕಾಗದಗಳನ್ನು ಎಸೆಯಲಿಲ್ಲ.

ಆಗ ಏಪ್ರಿಲ್ 1846ರ ಕಾಗದದಲ್ಲಿ ಒಂದು ಸಾಲು ಬೇಕೆಂದೇ ಬಿಟ್ಟಿದ್ದೆ. ಅದನ್ನು ಓದಿ ಮುಗಿಸುತ್ತೇನೆ. ತನ್ನ ಒಡಹುಟ್ಟಿದ ಜೂಲಿಯಸ್ ಬಗ್ಗೆ ಅಪ್ಪನಿಗೆ ಹೀಗೆ ಹೇಳಿಕಳಿಸಿದ್ದಾಳೆ:

"ಜೂಲಿಯಸ್ ಬಾಸ್ಟನ್‌ಗೆ ಹೋಗುವುದಾದರೆ ಈ ದಾರಿಯಾಗಿ ಬಂದು ನನ್ನನ್ನು ನೋಡಿಕೊಂಡು ಹೋಗಲಿಕ್ಕೆ ಹೇಳಿ. ಲಾರೆನ್ಸ್ ಕಂಪನಿಯ ಆಫೀಸಿಗೆ ಬಂದು ನನ್ನನ್ನು ಕೇಳಲಿ. ಲಾರೆನ್ಸ್ ಎಲ್ಲಿ ಅಂದರೆ ಯಾರಾದರೂ ತೋರಿಸುತ್ತಾರೆ."